ಅಪ್‌ಡೇಟ್ ಮುಗಿಯುವ ತನಕ

ನನ್ನ ಬಲಗೈ ಮಿಷನ್ ಒಳಗಿತ್ತು.

ಪೂರ್ತಿ ಕೈಯಲ್ಲ. ಮಣಿಕಟ್ಟಿನವರೆಗೆ. ಕತ್ತರಿಸುವಾಗ ಹಲಗೆ ಅಲುಗಾಡದಂತೆ ಒತ್ತಿ ಹಿಡಿಯಲು ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಈಗ ಅದು ಹಲಗೆಯ ಬದಲು ನನ್ನ ಬೆರಳುಗಳನ್ನು ಒತ್ತಿ ಹಿಡಿದಿತ್ತು. ಅದರ ಕೆಳಗಿನ ಸೀಳಿನಲ್ಲಿ ಗರಗಸದ ಬ್ಲೇಡು. ಸ್ವಿಚ್ ಒತ್ತಿದರೆ ಮೇಲೆದ್ದು ಈ ತುದಿಯಿಂದ ಆ ತುದಿಗೆ ಓಡುತ್ತದೆ. ನಡುವೆ ಸಿಕ್ಕಿದ್ದು ಎರಡು ತುಂಡು!

ಸ್ವಿಚ್ ಹತ್ತಿರ ಚಂದ್ರಮೋಹನ್ ನಿಂತಿದ್ದ. ಕೋಲಾರದಲ್ಲಿ ಮಾಡ್ಯುಲರ್ ಕಿಚನ್ ಶೋರೂಂ, ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಈ ಫ್ಯಾಕ್ಟರಿ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಮುಖದಲ್ಲಿ ನಗು.

ಒತ್ತಿದ.

ನಾನು ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ...

ಮತ್ತೆ ಒತ್ತಿದ. ಮಿಷನ್ ಕಮಕ್ ಕಿಮಕ್ ಎನ್ನಲಿಲ್ಲ.

"ಏನೋ ಇದು ಕದಿರೇಶ?"

ಆಪರೇಟರ್ ಕದಿರೇಶ್ ಗೋಡೆಗೆ ಅಂಟಿಕೊಂಡಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಪ್‌ಡೇಟ್ ಆಗ್ತಾ ಇದೆ ಸಾರ್. ಅದು ಮುಗಿಯೋವರ್ಗೂ ಮಿಷನ್ ಸ್ಟಾರ್ಟ್ ಆಗಲ್ಲ."

ಮಿಷನ್ ಪಕ್ಕದಲ್ಲೇ ಕಂಪ್ಯೂಟರು. ಪರದೆ ತುಂಬ ಒಂದು ನೀಲಿ ಪಟ್ಟಿ. ನಲವತ್ತೊಂದು ಪರ್ಸೆಂಟ್.

ಕಪಾಟು ಡಿಸೈನ್ ಮಾಡುವ ಸಾಫ್ಟ್‌ವೇರ್ ಅದು. ಚಿತ್ರ ಬರೆಯುವುದೂ ಅದೇ, ಯಾವ ಹಲಗೆಯನ್ನು ಎಲ್ಲಿ ಕೊಯ್ಯಬೇಕೆಂದು ಮಿಷನ್‌ಗೆ ಹೇಳುವುದೂ ಅದೇ. ಅದು ಬಾಯಿ ಬಿಡದಿದ್ದರೆ ಮಿಷನ್ ಬರೀ ಕಬ್ಬಿಣ. ಜೀವನದಲ್ಲಿ ಮೊದಲ ಸಲ ನಿಧಾನದ ಇಂಟರ್ನೆಟ್‌ಗೆ ಕೈ ಮುಗಿಯಬೇಕೆನ್ನಿಸಿತು.

ಒಂದೇ ಕೈ ಖಾಲಿ ಇತ್ತು.

"ಮುಗೀಲಿ. ನಂಗೇನು ಅವಸರ ಇಲ್ಲ" ಎಂದು ಚಂದ್ರಮೋಹನ್ ಸ್ಟೂಲ್ ಎಳೆದುಕೊಂಡು ಪರದೆಗೆ ಬೆನ್ನು ಹಾಕಿ ಕೂತ. ಅವನ ಡ್ರೈವರ್, ಎಮ್ಮೆಯಂಥ ಆಳು, ನನ್ನ ಹೆಗಲು ಅದುಮಿ ಹಿಡಿದ.

ನಾನು ಯಾರು ಅಂತ ಹೇಳಿಬಿಡುತ್ತೇನೆ, ಕೇಳಿ. ಹೆಸರು ನಂದೀಶ್. ಮುಳಬಾಗಿಲಿನಲ್ಲಿ ಪುಟ್ಟ ಆಫೀಸು. ಕಂತು ಕಟ್ಟದವರ ಗಾಡಿ ಎತ್ತಿಕೊಂಡು ಬರುವುದು, ತಲೆಮರೆಸಿಕೊಂಡವರನ್ನು ಹುಡುಕುವುದು, ಮದುವೆಗೆ ಮುಂಚೆ ಗಂಡಿನ ಬಂಡವಾಳ ಬಯಲು ಮಾಡುವುದು. ಹೊಡೆತ ತಿಂದಿದ್ದೇನೆ, ಕೊಟ್ಟಿದ್ದೇನೆ. ಆದರೆ ಇವತ್ತು ಯಾವ ಪಾರ್ಟಿಯೂ ನನ್ನನ್ನು ಕಳಿಸಿರಲಿಲ್ಲ.

ನನ್ನ ತಂಗಿಗೋಸ್ಕರ ಬಂದಿದ್ದೆ.

ರಮ್ಯ ಇದೇ ಫ್ಯಾಕ್ಟರಿಯಲ್ಲಿ ಡಿಸೈನರ್ ಆಗಿದ್ದಳು. ಬೇರೆಯವರು ಪುಸ್ತಕದ ಅಳತೆಗೆ ಅಡುಗೆಮನೆ ಕಟ್ಟಿದರೆ ಇವಳು ಅಡುಗೆ ಮಾಡುವ ಹೆಂಗಸಿನ ಅಳತೆಗೆ ಕಟ್ಟುತ್ತಿದ್ದಳು. ಮುದ್ದೆ ತಿರುವಬೇಕಾದರೆ ಕೋಲಿನ ಮೇಲೆ ಭುಜದ ಭಾರ ಬೀಳಬೇಕು. ಎತ್ತರದ ಕಟ್ಟೆಯ ಮೇಲೆ ಅದು ಆಗುವ ಮಾತಲ್ಲ. ಅದಕ್ಕೆ ಇವಳು ಮುದ್ದೆ ಒಲೆಗೆಂದೇ ತಗ್ಗಿನ ಕಟ್ಟೆ ಇಡಿಸುತ್ತಿದ್ದಳು. ಮನೆಯಾಕೆಯನ್ನು ನಿಲ್ಲಿಸಿ, ಮೊಣಕೈ ಅಳೆದು, ಆಮೇಲೆ ಡಿಸೈನ್. ಗಿರಾಕಿಗಳು ಚಂದ್ರಮೋಹನನನ್ನು ಬಿಟ್ಟು "ರಮ್ಯ ಮೇಡಂ ಬರ್ತಾರಾ?" ಎಂದು ಕೇಳತೊಡಗಿದರು.

ಒಂದು ದಿನ ಸ್ವಂತ ಅಂಗಡಿ ಇಡುತ್ತೇನೆ ಸಾರ್ ಅಂದಳು. ಅಷ್ಟೇ ಅವಳು ಮಾಡಿದ ತಪ್ಪು!

ಅದೇ ವಾರ ಚಂದ್ರಮೋಹನ್ ಗೇಟಿನಲ್ಲಿ ಅವಳ ಬ್ಯಾಗ್ ಹುಡುಕಿಸಿದ. ಒಳಗೆ ಪೆನ್‌ಡ್ರೈವ್, ಅದರ ತುಂಬ ಕಂಪನಿಯ ಡ್ರಾಯಿಂಗ್. ಕೆಲಸದವರೆಲ್ಲ ಸುತ್ತ ನಿಂತು ನೋಡಿದರು. ಫೋಟೋ ತೆಗೆದು ಜಿಲ್ಲೆಯ ಕಾರ್ಪೆಂಟರ್‌ಗಳ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕೆಳಗೆ ಒಂದೇ ಮಾತು: ಕಳ್ಳಿ.

ಅಲ್ಲಿಂದಾಚೆಗೆ ಅವಳಿಗೆ ಯಾರೂ ಒಂದು ಸ್ಟೂಲಿನ ಕೆಲಸ ಕೂಡ ಕೊಡಲಿಲ್ಲ. ಆವನಿಯಲ್ಲಿರುವ ದೊಡ್ಡಮ್ಮನ ಮನೆ ಸೇರಿದಳು. ನಾನು ಕದ್ದಿಲ್ಲ ಅಂತ ಯಾರ್ಯಾರಿಗೆ ಹೇಳಿಕೊಂಡು ತಿರುಗಲಿ ಅಣ್ಣ ಎಂದು ಒಂದೇ ಒಂದು ಸಲ ಕೇಳಿದಳು. ಅವನ ಬಾಯಿಂದಲೇ ಕಕ್ಕಿಸುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ.

ದಾರಿ ಮಾಡಿಕೊಟ್ಟದ್ದು ಈ ಅಪ್‌ಡೇಟು. ಏನೋ ತೊಂದರೆಯಾಗಿ ಹಳೆಯ ಡಿಸೈನ್‌ಗಳು ತೆರೆಯುತ್ತಿರಲಿಲ್ಲ. ಹೊಸ ವರ್ಷನ್ ಬರಲಿ ಎಂದು ಕಪಾಟಿನವರೆಲ್ಲ ಬಾಯಿ ಬಾಯಿ ಬಿಡುತ್ತಾ ಕಾಯುತ್ತಿದ್ದರು. ಇವತ್ತು ಬೆಳಿಗ್ಗೆ ಅದು ಬಂತು. ಹಿಂದೆಯೇ ನಾನೂ ಬಂದೆ. ಕೊರಳಲ್ಲಿ ಐಡಿ ಕಾರ್ಡ್, ಬೆನ್ನಿಗೆ ಬ್ಯಾಗ್. ಸಾಫ್ಟ್‌ವೇರ್ ಸರ್ವಿಸ್ ಅಂದೆ. ಗೇಟು ತಾನಾಗಿ ತೆರೆಯಿತು. ರಮ್ಯಳ ಹಳೇ ಡಿಸೈನ್‌ಗಳನ್ನು ತೆಗೆದಿಟ್ಟುಕೊಂಡರೆ ವಾಪಸ್ ಬೇಕಾದರೆ ನಿಜ ಒಪ್ಪಿಕೋ ಎಂದು ಇವನ ಕುತ್ತಿಗೆ ಹಿಡಿಯಬಹುದು ಎಂಬುದು ನನ್ನ ಲೆಕ್ಕ.

ಒಳಗೆ ಚಂದ್ರಮೋಹನ್ ಇದೇ ಕಂಪ್ಯೂಟರಿನಲ್ಲಿ ವಿಡಿಯೋ ಕಾಲ್ ಮಾಡುತ್ತಿದ್ದ. ಆ ಕಡೆ ರಾಯಲ್ಪಾಡಿನ ಪೆದ್ದಪ್ಪ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿರುವ ಗಟ್ಟಿ ಕುಳ. ಊರಲ್ಲಿ ಹೊಸ ಮನೆ. ಅಡುಗೆಮನೆಯ ಡಿಸೈನ್ ನೋಡಲು ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ದರು. ಪೆದ್ದಪ್ಪನ ತಾಯಿ ಮುತ್ಯಾಲಮ್ಮ, ತನ್ನ ಮೊಣಕೈ ಅಳೆದುಕೊಂಡು ಹೋದ ಹುಡುಗಿ ಎಲ್ಲಿ ಎಂದು ವಿಚಾರಿಸಿದರು. ಅವಳು ಕಳ್ಳಿ, ಓಡಿಸಿದೆ ಎಂದ ಇವನು. ನನ್ನೆದುರಿಗೇ! ಹಲ್ಲು ಕಚ್ಚಿಕೊಂಡು ನಿಂತೆ.

ತನ್ನ ಮುಖದ ಬದಲು ಕಂಪ್ಯೂಟರ್ ಪರದೆ ಅವರ ಟಿವಿಯಲ್ಲಿ ಕಾಣುವಂತೆ ಮಾಡಿದ. ಡಿಸೈನ್ ತೆರೆಯಲಿಲ್ಲ. ಲೈನಲ್ಲೇ ಇರಿ ಅಂದ. ಆ ಕಡೆ ಮಕ್ಕಳ ಕಿರುಚಾಟ, ಕಾಫಿ ಲೋಟಗಳ ಸದ್ದು. ರೇಗಿ ಏನನ್ನೋ ಒತ್ತಿ ಕಂಪ್ಯೂಟರಿನ ಬಾಯಿ ಮುಚ್ಚಿಸಿದ. ನನಗೆ ಅಪ್‌ಡೇಟ್ ಹಾಕು ಅಂದ. ಹಾಕಿದೆ. ಆಗ ನನ್ನ ಮುಖವನ್ನೇ ದಿಟ್ಟಿಸಿದ. ನನ್ನದೂ ರಮ್ಯಳದೂ ಒಂದೇ ಅಚ್ಚಿನ ಮೂಗು. ಡ್ರೈವರ್‌ಗೆ ಕಣ್ಸನ್ನೆ ಮಾಡಿದ. ಹಿಂದಿನಿಂದ ತಲೆಗೆ ಏಟು ಬಿತ್ತು. ಕಣ್ಣು ಬಿಟ್ಟಾಗ ಕೈ ಮಿಷನ್ ಒಳಗಿತ್ತು.

ಅರವತ್ತು ಪರ್ಸೆಂಟ್.

ಬೆರಳುಗಳು ನೀಲಿಯಾಗುತ್ತಿದ್ದವು. ಕೆಲಸದವರೆಲ್ಲ ಊಟಕ್ಕೆ ಹೋಗಿದ್ದರು. ಕೂಗಿದರೂ ಕೇಳುವವರಿಲ್ಲ.

ಆಗ ನೋಡಿದೆ... ಪರದೆಯ ಮೂಲೆಯಲ್ಲಿ ಮೈಕಿನ ಚಿಕ್ಕ ಗುರುತು. ಹಸಿರು!

ಅರ್ಥವಾಯಿತಾ? ಈ ಬುದ್ಧಿವಂತ ಒತ್ತಿದ್ದು ಸ್ಪೀಕರ್ ಬಟನ್. ಅವರ ಗಲಾಟೆ ಇವನಿಗೆ ಕೇಳಿಸುವುದು ನಿಂತಿತು, ಅಷ್ಟೇ. ಲೈನ್ ಕಟ್ಟಾಗಿರಲಿಲ್ಲ. ಇಲ್ಲಿನ ಮಾತೆಲ್ಲ ಅಲ್ಲಿಗೆ ಹೋಗುತ್ತಿತ್ತು. ರಾಯಲ್ಪಾಡಿನ ಆ ದೊಡ್ಡ ಟಿವಿಯಲ್ಲಿ ನೀಲಿ ಪಟ್ಟಿ ನೋಡುತ್ತಾ ಪೆದ್ದಪ್ಪನ ಮನೆಯವರೂ ಇದೇ ಅಪ್‌ಡೇಟಿಗೆ ಕಾಯುತ್ತಿದ್ದರು.

ಅದು ಮುಗಿಯುವುದರೊಳಗೆ ಇವನು ಬಾಯಿ ಬಿಡಬೇಕು. ಇವನಂಥವನಿಗೆ ಬೈದರೆ ಉಪಯೋಗವಿಲ್ಲ. ಜಂಬಕ್ಕೆ ಚುಚ್ಚಬೇಕು.

"ಪೆನ್‌ಡ್ರೈವ್ ಪ್ಲಾನ್ ನಿಂದಲ್ಲ ಬಿಡು. ಅಷ್ಟೊಂದು ತಲೆ ನಿಂಗೆಲ್ಲಿ? ನಿನ್ ಮ್ಯಾನೇಜರ್‌ದಂತೆ. ಕೋಲಾರದಲ್ಲೆಲ್ಲ ಅದೇ ಮಾತು."

ಅವನ ನಗು ಮಾಯವಾಯಿತು. "ಯಾವನೋ ಮ್ಯಾನೇಜರು? ಅವಳು ಊಟಕ್ಕೆ ಹೋದಾಗ ಬ್ಯಾಗಿಗೆ ಹಾಕ್ದೋನು ನಾನು. ಗೇಟಲ್ಲಿ ನಿಲ್ಲಿಸಿ ಹುಡುಕ್ಸಿದ್ದೂ ನಾನೇ. ಅವಳು ಅಂಗಡಿ ಇಟ್ಟಿದ್ರೆ ನಂಗೊಬ್ಬ ಗಿರಾಕಿ ಉಳೀತಿದ್ನೇನೋ?"

"ರಾಯಲ್ಪಾಡಿನ ಅಡುಗೆಮನೆ?"

"ಅದೂ ಅವಳದೇ ಡಿಸೈನು. ನನ್ನ ಹೆಸರು ಹಾಕಿ ಕೊಡ್ತೀನಿ. ಮುದ್ದೆ ತಿರುವೋ ಮುದುಕಿಗೆ ಏನ್ ಗೊತ್ತಾಗತ್ತೆ?"

ಎಂಬತ್ತೆಂಟು.

ಅವನ ಜೇಬಿನಲ್ಲಿ ಮೊಬೈಲ್ ಹೊಡೆದುಕೊಂಡಿತು. ತೆಗೆದು ನೋಡಿದ. ಈ ಪೆದ್ದಪ್ಪನದೊಂದು ಕಾಟ ಎಂದು ಗೊಣಗಿ ಕಟ್ ಮಾಡಿದ. ಮತ್ತೆ ಹೊಡೆದುಕೊಂಡಿತು. ಸ್ವಿಚ್ ಆಫ್ ಮಾಡಿ ಜೇಬಿಗಿಳಿಸಿದ.

ತೊಂಬತ್ನಾಲ್ಕು...

ನನ್ನ ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ಹೆದರಿಕೆ ಆಗಿರಲಿಲ್ಲ ಅಂದರೆ ಸುಳ್ಳಾದೀತು.

ಈಗ ಕದಿರೇಶನ ಮೊಬೈಲ್ ಹೊಡೆದುಕೊಂಡಿತು. ಅವನ ಊರೂ ರಾಯಲ್ಪಾಡು ಕಡೆಯದೇ. ಕಿವಿಗಿಟ್ಟುಕೊಂಡ. ಸುಮ್ಮನೆ ಕೇಳಿಸಿಕೊಂಡ. ಸರೇ ಅಣ್ಣಾ ಅಂದ. ಫೋನ್ ಇಳಿಸಿ, ಕಬ್ಬಿಣದ ಪಟ್ಟಿಯನ್ನು ಗಾಳಿಯ ಒತ್ತಡದಲ್ಲಿ ಇಳಿಸಿ ಏರಿಸುವ ಬಟನ್ ಹತ್ತಿರ ಬಂದ.

"ಯಾರೋ ಅದು?"

"ಪೆದ್ದಪ್ಪನೋರು ಸಾರ್. ನೀವು ಮಾತಾಡಿದ್ದೆಲ್ಲ ಅಲ್ಲಿ ಕೇಳಿಸ್ತಂತೆ. ಆ ಮನುಷ್ಯನ ಕೈ ಬಿಡು ಅಂದ್ರು."

ಬಟನ್ ಒತ್ತಿದ. ಸುಸ್ಸೆಂದು ಗಾಳಿ ಹೋಯಿತು. ಪಟ್ಟಿ ಮೇಲೆದ್ದಿತು.

ಮೊಣಕೈ ಹಿಂದಕ್ಕೆ ಬೀಸಿದೆ. ಡ್ರೈವರ್ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದ. ಚಂದ್ರಮೋಹನ್ ಬಾಗಿಲ ಕಡೆ ಓಟ ಕಿತ್ತ!

ನಾನು ಹಿಂದೆ. ಪ್ಲೈವುಡ್ ಅಟ್ಟಿಗಳ ಸಂದು, ಅಂಗಳ, ಕಾರು. ಕಾರಿನ ಬಾಗಿಲು ಎಳೆದ, ಕೀ ಡ್ರೈವರ್ ಹತ್ತಿರ! ಗೇಟಿಗೆ ಓಡಿದ. ಗೇಟಿಗೆ ಅಡ್ಡಲಾಗಿ ಹೆಂಚಿನ ಲಾರಿ ರಿವರ್ಸ್ ತೆಗೆಯುತ್ತಿತ್ತು. ಕೆಲಸದವರು ಊಟ ಮುಗಿಸಿ ಡಬ್ಬಿ ಹಿಡಿದು ಬರುತ್ತಿದ್ದರು. ಯಜಮಾನ ಓಡುವುದನ್ನು ನೋಡಿ ದಂಗಾಗಿ ನಿಂತರು. ಮರದ ಹೊಟ್ಟಿನ ರಾಶಿಯ ಮೇಲೆ ಕಾಲಿಟ್ಟು ಜಾರಿ ಅಂಗಾತ ಬಿದ್ದ. ಎಡಗೈಯಲ್ಲಿ ಕಾಲರ್ ಹಿಡಿದೆ. ಬಲಗೈ ಇನ್ನೂ ನನ್ನ ಮಾತು ಕೇಳುತ್ತಿರಲಿಲ್ಲ. ದರದರ ಎಳೆದುಕೊಂಡು ಒಳಗೆ ತಂದೆ. ಕೆಲಸದವರೆಲ್ಲ ಹಿಂದೆ ಬಂದರು. ಡ್ರೈವರ್ ಅಷ್ಟರಲ್ಲಿ ಹಿಂಬಾಗಿಲಿಂದ ನಾಪತ್ತೆ.

ಪರದೆಯಲ್ಲಿ ನೂರು ಪರ್ಸೆಂಟ್.

ಅವನ ಕೈಯನ್ನು ಮಿಷನ್ ಒಳಗೆ ತೂರಿಸಿದೆ. ನಾನು ಹೇಳುವ ಮೊದಲೇ ಕದಿರೇಶ್ ಪಟ್ಟಿ ಇಳಿಸಿದ.

"ರೆಡಿ ಇದೆ ಅಣ್ಣ" ಅಂದ ಮೆಲ್ಲಗೆ.

ಸುಳ್ಳು ಹೇಳುವುದಿಲ್ಲ. ನನಗೆ ಅವನ ಬೆರಳುಗಳು ಬೇಕಿದ್ದವು. ಅವಳನ್ನು ಗೇಟಿನಲ್ಲಿ ನಿಲ್ಲಿಸಿ ಫೋಟೋ ತೆಗೆದ ಬೆರಳುಗಳು. ಹೆಬ್ಬೆರಳನ್ನು ಸ್ವಿಚ್ ಮೇಲಿಟ್ಟೆ. ಚಂದ್ರಮೋಹನ್ ಮಗುವಿನ ಹಾಗೆ ಅಳುತ್ತಿದ್ದ. ನನಗೆ ಒಂದಿಷ್ಟೂ ಅಯ್ಯೋ ಅನ್ನಿಸಲಿಲ್ಲ. ಆದರೆ ಈ ಕೈ ರಮ್ಯಳ ಪಾಲಿನದು, ಅವಳನ್ನೇ ಕೇಳಬೇಕು. ಸ್ವಿಚ್ ಬಿಟ್ಟು ಅದೇ ಎಡಗೈಯಲ್ಲಿ ಅವಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಕದಿರೇಶ್ ಕಂಪ್ಯೂಟರಿನ ಸೌಂಡ್ ಜೋರು ಮಾಡಿದ.

ರಾಯಲ್ಪಾಡಿನ ಮನೆಯಲ್ಲಿ ಒಂದು ಮಗು ಕೂಡ ಉಸಿರೆತ್ತುತ್ತಿರಲಿಲ್ಲ. ಮುತ್ಯಾಲಮ್ಮನ ತೆಲುಗು ಬೆರೆತ ದನಿ ಬಂತು.

"ಆ ಪಿಲ್ಲನ್ನ ಕಳ್ಳಿ ಅಂದೆಯಲ್ಲ ನಾಯನಾ. ಈಗ ಅವಳಿಗೆ ಕೇಳೋ ಹಂಗೆ ಹೇಳು."

ಹೇಳಿದ. ಪೆನ್‌ಡ್ರೈವ್ ತಾನೇ ಹಾಕಿದ್ದು ಅಂದ. ರಮ್ಯ ಏನೂ ಕದ್ದಿಲ್ಲ ಅಂದ. ಫೋನಿನಲ್ಲಿ ರಮ್ಯಳ ಉಸಿರು ಕೇಳಿಸುತ್ತಿತ್ತು. ನನ್ನ ಕಣ್ಣು ತುಂಬಿ ಬಂತು, ನಾಚಿಕೆಯೇನಿಲ್ಲ.

"ಅವತ್ತು ಗೇಟಲ್ಲಿ ನಿಂತಿದ್ದೋರು ಅಲ್ಲಿದಾರಾ ಅಣ್ಣ?" ಎಂದು ಕೇಳಿದಳು.

"ಎಲ್ಲರೂ ಇದಾರೆ."

"ಹಂಗಿದ್ರೆ ಇನ್ನೊಂದ್ಸಲ ಹೇಳ್ಲಿ. ಜೋರಾಗಿ."

ಜೋರಾಗಿ ಹೇಳಿದ. ಗುಂಪಿನಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದವರು ತಲೆ ತಗ್ಗಿಸಿದರು. ಅಡುಗೆಮನೆ ಕೆಲಸ ಇನ್ನು ರಮ್ಯಳದೇ, ಅವಳ ಹೆಸರಲ್ಲೇ ಎಂದು ಪೆದ್ದಪ್ಪ ಅಲ್ಲಿಂದಲೇ ಹೇಳಿದರು.

"ಬೆರಳೇನ್ ಮಾಡ್ಲಿ?" ಎಂದೆ.

"ಇರ್ಲಿ ಬಿಡಣ್ಣ" ಎಂದಳು ರಮ್ಯ. ಅವಳ ದನಿ ಈಗ ನನ್ನದಕ್ಕಿಂತ ಗಟ್ಟಿಯಾಗಿತ್ತು. "ಗ್ರೂಪಲ್ಲಿ ಅವನೇ ಟೈಪ್ ಮಾಡ್ಬೇಕಲ್ಲ."

ಅವನ ಜೇಬಿನ ಮೊಬೈಲ್ ತೆಗೆದು ಆನ್ ಮಾಡಿ ಕೊಟ್ಟೆ. ಎಡಗೈಯಲ್ಲಿ ಟೈಪ್ ಮಾಡಿದ. ಅರ್ಧಂಬರ್ಧ ಬರೆದ. ಸರಿ ಇಲ್ಲ, ಮತ್ತೆ ಬರೀ ಅಂದೆ. ಮತ್ತೆ ಬರೆದ. ಕದಿರೇಶ್ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ.

ಇನ್ನಾದರೂ ಕೈ ಬಿಡಿ ಎಂದು ಚಂದ್ರಮೋಹನ್ ಅಂಗಲಾಚಿದ. ಪಟ್ಟಿಯ ಕೆಳಗೆ ಬೆರಳುಗಳು ನೀಲಿಯಾಗುತ್ತಿದ್ದವು. ನಾನು ಅವನ ಸ್ಟೂಲ್ ಎಳೆದುಕೊಂಡು ಕೂತು ಪೊಲೀಸ್ ಸ್ಟೇಷನ್‌ಗೆ ಫೋನ್ ಮಾಡಿದೆ. ಇನ್ನೂ ಊಟಕ್ಕೇ ಕೂತಿಲ್ಲ ಕಣ್ರೀ, ಅಷ್ಟು ಅರ್ಜೆಂಟಾ ಎಂದು ಕೇಳಿದರು.

"ನಿಧಾನವಾಗಿ ಉಂಡು ಬನ್ನಿ ಸಾರ್" ಎಂದೆ.