ಬಿಳಿ ಪಟ್ಟಿಯ ಬೋಗಿ

ಲೋರ್ನಾ ಮಾಡಿದ್ದು ಒಂದೇ ತಪ್ಪು. ಕಾಮಾಕುರಾ ನಿಲ್ದಾಣದ ನೂಕುನುಗ್ಗಲಿನಲ್ಲಿ ನಿಂತಿದ್ದ, ತನ್ನ ಶಾಲೆಯದೇ ಗಣಿತದ ಮೇಷ್ಟ್ರು ಕಿತಾಮುರಾನನ್ನು, "ಇಲ್ಲಿ ಬನ್ನಿ, ಜಾಗ ಇದೆ," ಎಂದು ತನ್ನ ಬೋಗಿಗೆ ಕರೆದಳು.

ಬಿಳಿ ಪಟ್ಟಿ ಬಳಿದ ಆ ಬೋಗಿ ಯುದ್ಧ ಗೆದ್ದ ಅಮೆರಿಕದವರದ್ದು. ಮೆತ್ತನೆಯ ಸೀಟು, ಖಾಲಿ ಖಾಲಿ. ಸೋತವರು ಉಳಿದ ಬೋಗಿಗಳಲ್ಲಿ ಉಸಿರುಗಟ್ಟಿ ನಿಲ್ಲಬೇಕು. ಯುದ್ಧ ಮುಗಿದು ಮೂರು ವರ್ಷವಾದರೂ ಜಪಾನಿನಲ್ಲಿ ಅದೇ ಕಟ್ಟಳೆ. ಇಂಗ್ಲಿಷ್ ಕಲಿಸಲು ಅಮೆರಿಕದಿಂದ ಬಂದು ವಾರವೂ ಆಗದವಳಿಗೆ ಅದೆಲ್ಲ ಎಲ್ಲಿ ಗೊತ್ತು?

ಅವನು ಒಂದು ಕಾಲಿಟ್ಟಿದ್ದನಷ್ಟೇ. ಮಿಲಿಟರಿ ಪೊಲೀಸನೊಬ್ಬ ಕೊರಳಪಟ್ಟಿ ಹಿಡಿದು ಕೆಳಕ್ಕೆಳೆದ. ಸುತ್ತಲೂ ಅವರದೇ ಶಾಲೆಯ ಹುಡುಗಿಯರು! ಕಿತಾಮುರಾ ಅವಳಿಗೆ ತಲೆಬಾಗಿ ಹೊರಟುಹೋದ.

ಅಂದಿನಿಂದ ಶಾಲೆಯಲ್ಲಿ ನಮಸ್ಕಾರಕ್ಕೆ ನಮಸ್ಕಾರ, ಅಷ್ಟೇ. ನಿಲ್ದಾಣದಲ್ಲಂತೂ ಅವನ ಸುಳಿವೇ ಇಲ್ಲ. ಹತ್ತು ತಿಂಗಳು ಹೀಗೇ ಕಳೆಯಿತು. ಪಕ್ಕದ ತರಗತಿಯಿಂದ ಅವನ ದನಿ, ಕಿಟಕಿಯಿಂದ ಕಡಲಗಾಳಿ... ಲೋರ್ನಾ ಪಾಠದ ನಡುವೆಯೇ ಎಲ್ಲೋ ತೇಲಿಹೋಗುತ್ತಿದ್ದಳು. ಹುಡುಗಿಯರು ಮುಸಿಮುಸಿ ನಗುತ್ತಿದ್ದರು.

'ನನ್ನ ಮುಖ ಕಂಡರಾಗದವನಿಗಾಗಿ ಇನ್ನೊಂದು ವರ್ಷ ಇಲ್ಲಿರಲೇ?'

ಒಪ್ಪಂದದ ಕಾಗದ ಸಹಿಯಿಲ್ಲದೆ ಚೀಲದಲ್ಲೇ ಇತ್ತು. ನಾಳೆಯೇ ಕೊನೆಯ ದಿನ.

ಹೊಲಿಗೆ ಕಲಿಸುವ ಮುದುಕಿ ಹೊಸೋಯಿಗೆ ಇವರಿಬ್ಬರನ್ನು ನೋಡಿ ನೋಡಿ ಸಾಕಾಗಿತ್ತು. ಚಹಾ ಮುಂದಿಟ್ಟು ಬಾಯಿಬಿಟ್ಟಳು.

"ಅದು ಸಿಟ್ಟಲ್ಲ ಕಣಮ್ಮ. ಅವನು ಜನರ ಮಧ್ಯೆ ಜಜ್ಜಿಹೋಗೋದು ಕಂಡ್ರೆ ನಿಂಗೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತೆ ಅಂತ, ದಿನಾ ಮುಂದಿನ ಸ್ಟೇಷನ್‌ವರೆಗೂ ನಡೆದು ಅಲ್ಲಿ ರೈಲು ಹತ್ತುತ್ತಾನೆ. ಪೆದ್ದ!"

ಲೋರ್ನಾ ಚಹಾ ಕುಡಿಯಲಿಲ್ಲ. ದೇವದಾರುಗಳ ನೆರಳಿನ ಏರುದಾರಿಯಲ್ಲಿ ಒಂದೇ ಉಸಿರಿಗೆ ಓಡಿದಳು. ಮುಂದಿನ ನಿಲ್ದಾಣದ ಬೇಲಿಯ ಹತ್ತಿರ ಅವನು ಸಿಕ್ಕಿದ.

"ನಾನು ಊರಿಗೆ ಹೋಗ್ಲಾ, ಇರ್ಲಾ? ನೀವೇ ಹೇಳಿ."

ಅವನು ತಲೆ ತಗ್ಗಿಸಿದ. "ನಿಮ್ಮ ಪಕ್ಕದಲ್ಲಿ ಕೂರೋ ಹಕ್ಕೂ ಇಲ್ದೋನು ನಾನು. ಏನಂತ ಹೇಳ್ಲಿ?"

"ಪಕ್ಕದಲ್ಲಿ ನಡೆಯೋಕೆ ಯಾರೂ ಬೇಡ ಅಂದಿಲ್ವಲ್ಲ."

ಅವನು ತಲೆಯೆತ್ತಿ ಅವಳನ್ನೇ ನೋಡಿದ.

"ಹೋಗ್ಬೇಡಿ," ಅಂದ ಮೆಲ್ಲಗೆ. "ನೀವಿಲ್ದೆ ನಂಗೆ ಆಗಲ್ಲ, ಲೋರ್ನಾ."

ಅವಳು ಕಾಗದವನ್ನು ಬೇಲಿಯ ಕಂಬದ ಮೇಲಿಟ್ಟಳು. ಗಾಳಿಗೆ ಹಾರದಂತೆ ಅವನು ಅಂಚು ಹಿಡಿದುಕೊಂಡ. ಸಹಿ ಹಾಕುವಾಗ ಕಣ್ಣು ಮಂಜಾಗಿ ಅವಳಿಗೆ ತನ್ನ ಹೆಸರೇ ಕಾಣಲಿಲ್ಲ. ಅಷ್ಟರಲ್ಲಿ ರೈಲು ಬಂತು, ನಿಂತಿತು, ಹೊರಟೂ ಹೋಯಿತು.

"ಇವತ್ತು ಇಲ್ಲಿ ನಿಲ್ಲೋ ರೈಲು ಇನ್ನಿಲ್ಲ. ಇದರಾಚೆಯ ಸ್ಟೇಷನ್‌ಗೇ ನಡೀಬೇಕು. ಮುಕ್ಕಾಲು ಗಂಟೆ ದಾರಿ," ಎಂದ.

"ಅಷ್ಟೇನಾ?" ಎಂದಳು ಲೋರ್ನಾ.