ಗಾಜಿನ ಮೇಲಿನ ದುಪಟ್ಟಾ

“ಅಮ್ಮಾ, ಗ್ರೀನ್ ಆಯ್ತು! ಗೋ, ಗೋ!”

ಮಹಾಶ್ವೇತಾ ಹಿಂದಿನ ಸೀಟಿನಿಂದ ಕೂಗಿದಳು. ಅವಳ ಬೆನ್ನಿಗೆ ಕಂದು ಬಟ್ಟೆಯ ರೆಕ್ಕೆ, ಮಡಿಲಲ್ಲಿ ರಟ್ಟಿನ ಕೊಕ್ಕು. ಇವತ್ತು ಅವಳು ಮನುಷ್ಯರಂತೆ ಗಹಗಹಿಸಿ ನಗುವ ಕೂಕಬರಾ ಹಕ್ಕಿ. ಕ್ಯಾಸಲ್ ಹಿಲ್‌ನ ಹಾಲ್‌ನಲ್ಲಿ ಶಾಲೆಯ ನಾಟಕ. ಕತ್ತಲೆಯ ಸ್ಟೇಜಿನಿಂದ ಮೊದಲು ಕೇಳಿಸಬೇಕಾದದ್ದೇ ಅವಳ ನಗು. ತಡವಾದರೆ ಆ ನಗು ಅವಳ ಕ್ಲಾಸಿನ ರಿಯೋನಾಳ ಪಾಲಾಗುತ್ತದೆ.

ಅಮ್ಮ ನೀಲಾಂಬಿಕಾ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ಕಾರನ್ನು ಮೆಲ್ಲಗೆ ಮುಂದೆ ಬಿಟ್ಟಳು.

“ರಿಯೋನಾ ಏನಂತಾಳೆ ಗೊತ್ತಾ? ನಿಮ್ಮಮ್ಮ ಸ್ನೇಲ್ ಥರ ಡ್ರೈವ್ ಮಾಡ್ತಾರೆ ಅಂತ.”

“ಬಸವನಹುಳಕ್ಕ ಆ್ಯಕ್ಸಿಡೆಂಟ್ ಆಗಿದ್ದು ಎಲ್ಯಾರ ಕೇಳೀಯೇನು?” ಎಂದಳು ಅಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ.

ಮುಂದೆ ಕೂತಿದ್ದ ಅಜ್ಜಿ ಅನ್ನಪೂರ್ಣವ್ವ ಜೋರಾಗಿ ನಕ್ಕರು. ಅವರು ದಸರೆಗೆಂದು ಧಾರವಾಡದಿಂದ ಇವರಿರುವ ವೆಸ್ಟ್‌ಮೀಡ್‌ಗೆ ಬಂದಿದ್ದರು. ಅಪ್ಪ ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋಗಿದ್ದರು.

ಆಗಲೇ ಮಳೆ ಸುರಿಯತೊಡಗಿತು. ಅಮ್ಮ ವೈಪರ್ ಹಾಕಿದಳು. ಗಾಜಿನ ಮೇಲೆ ಬಣ್ಣಬಣ್ಣದ ಜಿಡ್ಡು ಹರಡಿತು. ಎದುರಿನ ಕಾರುಗಳ ದೀಪಗಳು ದೊಡ್ಡ ದೊಡ್ಡ ಹತ್ತಿಯ ಉಂಡೆಗಳಂತೆ ಕಂಡವು.

“ಇದೇನಿದು? ಒರಿಸಿದಷ್ಟೂ ಮಸಕಾಗಾಕತ್ತೈತಿ!”

ಅಜ್ಜಿ ಸೆರಗು ಸರಿಮಾಡಿಕೊಂಡರು. “ನಿನ್ನೆ ಕಾರಿನ ಪೂಜಿ ಮಾಡಿದೆನಲ್ಲ, ಆಗ ಆ ವೈಪರಿಗೆ ಒಂದೀಟು ಕೊಬ್ರಿ ಎಣ್ಣಿ ಹಚ್ಚೀನಿ. ಕಿರ್ರ್ ಅಂತ ಒದರತಿತ್ತು. ಬಾಗಲಾ ಒದರಿದ್ರ ಎಣ್ಣಿ ಹಚ್ಚಂಗಿಲ್ಲೇನು?”

“ಅಯ್ಯ, ಅತ್ತೀ!”

“ನಾನೂ ಹೆಲ್ಪ್ ಮಾಡ್ದೆ,” ಎಂದಳು ಮಹಾಶ್ವೇತಾ ಸಣ್ಣ ದನಿಯಲ್ಲಿ.

ಅಮ್ಮ ಬೈಯಲಿಲ್ಲ. ಇಂಡಿಕೇಟರ್ ಹಾಕಿ, ತೆವಳುವಂತೆ ಸಾಗಿ, ಎಡಗಡೆಯ ಪೆಟ್ರೋಲ್ ಬಂಕಿನೊಳಗೆ ಕಾರು ನಿಲ್ಲಿಸಿದಳು.

“ಅಮ್ಮಾ, ಸ್ಟಾಪ್ ಮಾಡ್ಬೇಡ! ರಿಯೋನಾ ನನ್ನ ಪಾರ್ಟ್ ತಗೊಂಡ್ಬಿಡ್ತಾಳೆ!”

“ರಸ್ತಾನ ಕಾಣವಲ್ದು. ಹೆಂಗ ಹೊಡೀಲಿ?”

ಅಮ್ಮ ಡಿಕ್ಕಿ ತೆಗೆದು ಉದ್ದನೆಯ ಎರಡು ಪ್ಯಾಕೆಟ್ ತಂದಳು. ಹೊಸ ವೈಪರ್ ಬ್ಲೇಡ್‌ಗಳು! ಹಳೆಯ ರಬ್ಬರ್ ಬಿಸಿಲಿಗೆ ಸೀಳುಬಿಟ್ಟದ್ದನ್ನು ಅವಳು ಮೊದಲೇ ನೋಡಿಟ್ಟಿದ್ದಳು. ಅಪ್ಪ ಬಂದು ಹಾಕಲಿ ಎಂದು ಕಾದಿದ್ದಳು ಅಷ್ಟೇ.

“ನಿಂಗೆ ಹಾಕೋಕೆ ಬರುತ್ತಾ? ಡ್ಯಾಡಿಗೆ ಫೋನ್ ಮಾಡು.”

“ಮೆಲ್ಬರ್ನ್‌ದಿಂದ ಕೈ ಚಾಚತಾರೇನು ನಿಮ್ಮಪ್ಪ?”

ಬಂಕಿನ ಬಕೆಟ್ಟಿನಲ್ಲಿ ಸೋಪಿನ ನೀರಿತ್ತು. ಅಮ್ಮ ಗಾಜಿನ ಜಿಡ್ಡನ್ನೆಲ್ಲ ಉಜ್ಜಿ ತೊಳೆದಳು. ಪ್ಯಾಕೆಟ್ಟಿನ ಹಿಂದಿನ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೊರಳಿನ ಹಸಿರು ದುಪಟ್ಟಾ ತೆಗೆದು, ದಪ್ಪಗೆ ಮಡಚಿ ಗಾಜಿನ ಮೇಲೆ ಹಾಸಿದಳು.

“ಗಾಜಿಗೆ ಚಳಿನಾ, ಅಮ್ಮಾ?” ಮಹಾಶ್ವೇತಾ ಸಿಡುಕಿದಳು. ಎಲ್ಲದಕ್ಕೂ ಹೆದರೋದೇ ಇವಳ ಕೆಲಸ!

“ಇರಲಿ ಬಿಡು. ಇಲ್ಲಿ ಬಾ, ಈ ಕಡ್ಡಿ ಗಟ್ಟಿ ಹಿಡಕೋ.”

ಅಮ್ಮ ವೈಪರಿನ ಕಬ್ಬಿಣದ ಕಡ್ಡಿಯನ್ನು ಎತ್ತಿ ನಿಲ್ಲಿಸಿದಳು. ಬ್ಲೇಡಿನ ನಡುವಿನ ಸಣ್ಣ ಕ್ಲಿಪ್ ಒತ್ತಿ ಕೆಳಕ್ಕೆ ಎಳೆದಳು. ಹಳೆಯ ಬ್ಲೇಡ್ ಕಳಚಿ ಬಂತು. ಈಗ ಕಡ್ಡಿಯ ತುದಿಯಲ್ಲಿ ಬರೀ ಕೊಕ್ಕೆ. ಗಾಳಿಗೆ ಮಳೆ ಓರೆಯಾಗಿ ಬಂಕಿನ ಚಾವಣಿಯ ಒಳಗೂ ಬಡಿಯುತ್ತಿತ್ತು. ಅಜ್ಜಿ ಕೊಡೆ ಹಿಡಿದು ನಿಂತರು.

ಮಹಾಶ್ವೇತಾಳ ರೆಕ್ಕೆ ಗಾಳಿಗೆ ಪಟಪಟ ಎಂದಿತು. ಅದನ್ನು ಹಿಡಿಯಲು ಅವಳು ಒಂದು ಕೈ ಬಿಟ್ಟಳು. ಒದ್ದೆ ಕಡ್ಡಿ ಇನ್ನೊಂದು ಕೈಯಿಂದಲೂ ಜಾರಿತು.

ಧಡ್!

ಅವಳು ಕಣ್ಣು ಮುಚ್ಚಿಬಿಟ್ಟಳು. ಗಾಜು ಒಡೆದ ಸದ್ದು ಬರಲಿಲ್ಲ. ಮೆಲ್ಲಗೆ ಕಣ್ಣು ತೆರೆದಳು. ಕಬ್ಬಿಣದ ಕೊಕ್ಕೆ ದುಪಟ್ಟಾದ ಮಡಿಕೆಯೊಳಗೆ ಹೂತು ಕೂತಿತ್ತು. ಬಟ್ಟೆಗೆ ತೂತು ಬಿದ್ದಿತ್ತು. ಕೆಳಗಿನ ಗಾಜಿಗೆ ಒಂದು ಗೀರೂ ಇರಲಿಲ್ಲ.

“ಕೈಗೆ ಬಡೀತೇನು?” ಅಮ್ಮ ಕೇಳಿದ್ದು ಅಷ್ಟೇ.

ಮಹಾಶ್ವೇತಾ ಇಲ್ಲವೆಂದು ತಲೆಯಾಡಿಸಿದಳು. ಈ ಸಲ ಎರಡೂ ಕೈಯಲ್ಲಿ ಕಡ್ಡಿ ಹಿಡಿದಳು. ರೆಕ್ಕೆ ಎಷ್ಟು ಬಡಿದರೂ ಬಿಡಲಿಲ್ಲ.

ಅಮ್ಮ ಹೊಸ ಬ್ಲೇಡನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ ನೋಡಿದಳು. ಉದ್ದನೆಯದು ಡ್ರೈವರ್ ಕಡೆಗೆ, ಗಿಡ್ಡನೆಯದು ಅಜ್ಜಿಯ ಕಡೆಗೆ. ಬ್ಲೇಡ್ ಕೊಕ್ಕೆಯೊಳಗೆ ನೇರವಾಗಿ ಹೋಗಿ ‘ಟಕ್’ ಎಂದಿತು. ಅವಳು ಅದನ್ನು ಎಳೆದು ನೋಡಿದಳು. ಇನ್ನೊಮ್ಮೆ ಎಳೆದು ನೋಡಿದಳು. ಎರಡನೆಯದೂ ‘ಟಕ್’ ಎಂದಿತು.

“ಶಭಾಷ್, ನೀಲಾ!” ಎಂದರು ಅಜ್ಜಿ. “ಇನ್ಮ್ಯಾಲೆ ಎಣ್ಣಿ ನನ್ನ ತಲಿಗಷ್ಟ!”

ಹಾಲ್‌ನ ಹಿಂದಿನ ಬಾಗಿಲು ತೆರೆಯುವಾಗ ದೀಪಗಳು ಆರಿದ್ದವು. ಸ್ಟೇಜಿನ ಮೇಲೆ ರಿಯೋನಾ ಆಗಲೇ ಕೂಕಬರಾ ನಗು ನಕ್ಕಾಗಿತ್ತು. ಆದರೆ ಒಂದು ಕೂಕಬರಾ ನಕ್ಕರೆ ದೂರದ ಮರದಿಂದ ಇನ್ನೊಂದು ನಗುತ್ತದಲ್ಲ? ಬೆಳಗ್ಗೆ ಅವರ ಫ್ಲಾಟಿನ ಹಿಂದೆ ಹಾಗೇ ಕೇಳುತ್ತದಲ್ಲ? ಅವಳು ಕೊಕ್ಕು ಕಟ್ಟಿಕೊಂಡು ಬಾಗಿಲಲ್ಲೇ ನಿಂತು ನಕ್ಕಳು. ಜನರೆಲ್ಲ ಹಿಂತಿರುಗಿ ನೋಡಿದರು. ಸ್ಟೇಜಿನಿಂದ ರಿಯೋನಾ ಮತ್ತೆ ನಕ್ಕಳು, ಈ ಸಲ ಇನ್ನೂ ಜೋರಾಗಿ. ಮಹಾಶ್ವೇತಾ ರೆಕ್ಕೆ ಬಡಿಯುತ್ತ ಸೀಟುಗಳ ನಡುವಿನಿಂದ ಓಡಿದಳು.

ವಾಪಸು ಬರುವಾಗಲೂ ಮಳೆ ಬಿಟ್ಟಿರಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದು ಮುಂದೆ ಹೋದ. ವೈಪರ್‌ಗಳು ಅತ್ತಿತ್ತ ಆಡಿದವು. ರಸ್ತೆಯ ಒಂದೊಂದು ಗೆರೆಯೂ ಕಾಣುತ್ತಿತ್ತು. ಸ್ಟಿಯರಿಂಗ್ ಮೇಲಿದ್ದ ಅಮ್ಮನ ಬೆರಳುಗಳಲ್ಲಿ ಇನ್ನೂ ಕರಿ ಮಸಿ ಮೆತ್ತಿತ್ತು.

“ಯಾಕ ಸುಮ್ಮ ಕುಂತಿ? ‘ಗೋ, ಗೋ’ ಅನ್ನಂಗಿಲ್ಲೇನು?” ಎಂದಳು ಅಮ್ಮ.

ಮಹಾಶ್ವೇತಾಳ ಮಡಿಲಲ್ಲಿ ಒದ್ದೆ ದುಪಟ್ಟಾ ಇತ್ತು. ಅದರ ತೂತಿನೊಳಗೆ ಅವಳ ಕಿರುಬೆರಳು ತೂರುತ್ತಿತ್ತು.

“ಇಲ್ಲ,” ಎಂದಳು. “ಅಮ್ಮಾ, ಮುಂದೆ ಲೈಟ್ ಯೆಲ್ಲೋ ಆಗ್ತಿದೆ. ನಿಧಾನ.”