ಮುಟ್ಟಬೇಡ, ಬಾಯಲ್ಲಿ ಹೇಳು

"ಬೇಡ! ನಿನ್ನ ಸಹಾಯ ನನಗೆ ಬೇಡ!"

ಯುದೆಲ್ಕಾ ಕಿಟಕಿಯಿಂದ ತಲೆ ಹೊರಹಾಕಿ ಕಿರುಚುವಷ್ಟರಲ್ಲಿ ವಿನೀಸಿಯೊ ಹಿಂದಿನ ಚಕ್ರಕ್ಕೆ ದೊಡ್ಡ ಕಲ್ಲು ಕೊಟ್ಟಾಗಿತ್ತು.

ಕೊನ್‌ಸ್ತಾನ್ಸಾದ ಘಾಟಿ ಏರುವಾಗಲೇ ಗೇರ್ ಕಡ್ಡಿ ಗಂಜಿಯೊಳಗಿನ ಸೌಟಿನಂತೆ ಸಡಿಲಾಗಿ ಓಲಾಡತೊಡಗಿತ್ತು. ಎರಡನೆಯದಕ್ಕೆ ಹಾಕಿದರೆ ನಾಲ್ಕನೆಯದಕ್ಕೆ ಹೋಗುತ್ತಿತ್ತು. ಹಿಂದೆ ಬೆಳ್ಳುಳ್ಳಿ ಮೂಟೆಗಳು. ಪಕ್ಕದಲ್ಲಿ ಊರುಗೋಲು ಹಿಡಿದ ಅಪ್ಪ ತೆಯೋಫಿಲೊ. ಹಳೇ ಪಿಕಪ್ಪು ನಿಂತದ್ದಾದರೂ ಎಲ್ಲಿ? ಯಾರ ಮುಖ ನೋಡುವುದಿಲ್ಲವೆಂದು ಆಣೆ ಮಾಡಿದ್ದಳೋ ಆ ವಿನೀಸಿಯೊನ ಗ್ಯಾರೇಜಿನ ಮುಂದೆ!

ಹತ್ತು ತಿಂಗಳ ಹಿಂದೆ ಇವನೇ ಅವಳ ಮದುವೆ ಗಂಡು. ಇವನ ಬಳಿ ಬ್ರೇಕ್ ರಿಪೇರಿಗೆ ಬಿಟ್ಟ ಮರುದಿನವೇ ಗಾಡಿ ಹಳ್ಳಕ್ಕೆ ಉರುಳಿ ಅಪ್ಪನ ಕಾಲು ಹೋಯಿತು. ಅವಳು ಊರೆಲ್ಲರ ಎದುರು ಅವನ ಕೆನ್ನೆಗೆ ಹೊಡೆದಿದ್ದಳು. ಅವನು ತುಟಿ ಬಿಚ್ಚಿರಲಿಲ್ಲ.

"ಕಡ್ಡಿ ಕೂರೋ ಪ್ಲಾಸ್ಟಿಕ್ ಬುಷ್ ಪುಡಿಯಾಗಿರುತ್ತೆ," ವಿನೀಸಿಯೊ ಮೆಲ್ಲಗೆ ಹೇಳಿದ. "ಹೊಸದು ನನ್ಹತ್ರ ಇದೆ. ಅರ್ಧ ಗಂಟೆ ಕೆಲಸ."

"ನೀನು ಮುಟ್ಟಬೇಡ! ಬಾಯಲ್ಲಿ ಹೇಳು, ನಾನೇ ಮಾಡ್ತೀನಿ."

ಅಪ್ಪನನ್ನು ಗ್ಯಾರೇಜಿನ ಬೆಂಚಿನ ಮೇಲೆ ಕೂರಿಸಿ ಬಂದು ಅವಳು ಕಡ್ಡಿಯ ಬುಡದ ರಬ್ಬರ್ ಮೇಲೆತ್ತಿದಳು.

"ಆ ಮುಚ್ಚಳ ಕೆಳಗೆ ಒತ್ತಿ ತಿರುಗಿಸು... ಹಾಂ. ಈಗ ಕಡ್ಡಿ ಮೇಲಕ್ಕೆಳಿ."

ಕಡ್ಡಿ ಕೈಗೆ ಬಂತು. ಬುಡದಲ್ಲಿ ಹಳೇ ಪ್ಲಾಸ್ಟಿಕ್ಕಿನ ಚೂರುಗಳು.

"ಒಂದು ಚೂರೂ ಒಳಗೆ ಬೀಳ್ಬಾರದು. ಚಿಮಟದಲ್ಲಿ ಹೆಕ್ಕು. ಜೋಪಾನ."

"ಜೋಪಾನ?" ಅವಳ ಮೈ ಉರಿಯಿತು. "ನೀನು ನನಗೆ ಜೋಪಾನ ಹೇಳ್ತೀಯಾ? ಅವತ್ತು ಎಲ್ಲಿ ಹೋಗಿತ್ತು ನಿನ್ನ ಜೋಪಾನ? ನನ್ನಪ್ಪನ ಕಾಲು ತಿಂದ ಕೈ ಇದು!"

ವಿನೀಸಿಯೊ ತಲೆ ತಗ್ಗಿಸಿದ.

"ಮಾತಾಡು! ಹೇಡಿ!"

"ಸಾಕು ಮಗಳೇ!" ಬೆಂಚಿನಿಂದ ತೆಯೋಫಿಲೊ ಕೂಗಿದ. ಊರುಗೋಲು ನೆಲಕ್ಕೆ ಬಿತ್ತು. "ಅವನು ಬ್ರೇಕ್ ಮುಟ್ಟೇ ಇರ್ಲಿಲ್ಲ. ಸಾಮಾನು ಬರೋವರೆಗೂ ಗಾಡಿ ಕದಲ್ಬಾರದು ಅಂತ ಕೀ ಕಿತ್ತಿಟ್ಕೊಂಡಿದ್ದ. ನಾನೇ ಮನೆಯಿಂದ ಇನ್ನೊಂದು ಕೀ ತಂದು, ಕದ್ದು ಹೊರಟೆ... ಕುಡಿದಿದ್ದೆ ಬೇರೆ."

ಯುದೆಲ್ಕಾಳ ಕೈಯಲ್ಲಿದ್ದ ಚಿಮಟ ಹಾಗೇ ನಿಂತಿತು.

"ಆಸ್ಪತ್ರೇಲಿ ಇವನ ಕೈ ಹಿಡ್ಕೊಂಡು ಹೇಳ್ಬೇಡ ಅಂತ ಬೇಡ್ಕೊಂಡೆ. ನಿನ್ನ ಕಣ್ಣಲ್ಲಿ ಸಣ್ಣವನಾಗೋಕೆ ಹೆದರಿದೆ, ಮಗಳೇ."

'ಹತ್ತು ತಿಂಗಳು! ನಾನು ಇವನನ್ನ ಶಪಿಸದ ದಿನವಿಲ್ಲ...'

"ಊರವರೆಲ್ಲ ಇವನ ಗ್ಯಾರೇಜಿಗೆ ಬರೋದು ಬಿಟ್ಟಾಗ್ಲೂ ಸುಮ್ನಿದ್ರಾ ಅಪ್ಪಾ? ನಾಳೆ ಕ್ಷೌರದಂಗಡಿ ಮುಂದೆ ಡಾಮಿನೋ ಆಡ್ತಾ ಊರ ಸುದ್ದಿ ಹರಡೋರ ಹತ್ರ ಹೋಗಿ ಇದೇ ಮಾತು ಹೇಳ್ಬೇಕು. ಗಟ್ಟಿಯಾಗಿ!"

ಮುದುಕ ಕಣ್ಣೊರೆಸಿಕೊಂಡು ತಲೆಯಾಡಿಸಿದ.

ಅವಳು ವಿನೀಸಿಯೊನತ್ತ ತಿರುಗಿದಳು. ಕೋಪ ಇಳಿಯುವ ಬದಲು ಇಮ್ಮಡಿಸಿತ್ತು!

"ನಿನಗೆ ಬಾಯಿರ್ಲಿಲ್ವಾ?"

"ನಿನಗಿರೋದು ಅಪ್ಪ ಒಬ್ರೇ. ಅವರನ್ನ ದ್ವೇಷಿಸೋ ಬದಲು ನನ್ನನ್ನ..."

"ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು? ಒಂದು ಮಾತು ನನ್ನ ಕೇಳ್ಬೇಕಿತ್ತು! ನಾನೇನು ಮಗುವಾ?"

"ತಪ್ಪಾಯ್ತು," ಅವನು ತಲೆಯೆತ್ತಿ ಅವಳನ್ನೇ ನೋಡಿದ. "ಆ ತಪ್ಪು ಮಾತ್ರ ನಿಜವಾಗ್ಲೂ ನಂದೇ."

ಅವಳು ಚೂರುಗಳನ್ನೆಲ್ಲ ಹೆಕ್ಕಿದಳು. ಹೊಸ ಬುಷ್‌ಗೆ ಗ್ರೀಸ್ ಹಚ್ಚಿ ಬುಡಕ್ಕೆ ಹಾಕಿ, ಕಡ್ಡಿಯನ್ನು ಮತ್ತೆ ಕೂರಿಸಿದಳು. ಆದರೆ ಮುಚ್ಚಳ ಮಾತ್ರ ಬಿಗಿಯಾಗಲಿಲ್ಲ. ಒತ್ತಿದಷ್ಟೂ ಒಳಗಿನ ಸ್ಪ್ರಿಂಗ್ ಅದನ್ನು ಮೇಲಕ್ಕೆ ತಳ್ಳುತ್ತಿತ್ತು.

"ನೋಡ್ಕೊಂಡು ನಿಂತಿದೀಯಲ್ಲ... ಹಿಡ್ಕೋ!"

ಅವನು ಅವಳ ಕೈಮೇಲೆ ಕೈಯಿಟ್ಟು ಒತ್ತಿದ. ಮುಚ್ಚಳ ಟಕ್ಕೆಂದು ಕೂತಿತು. ಕೈ ಜೋಡಿಸಿಯೇ ಇಬ್ಬರೂ ಕಡ್ಡಿ ಹಾಕಿ ನೋಡಿದರು: ಒಂದು, ಎರಡು, ಮೂರು, ನಾಲ್ಕು... ಗೇರು ಹೇಳಿದಲ್ಲಿಗೆ ಬಿತ್ತು. ಅವನು ಕೈ ತೆಗೆಯಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

"ಇನ್ನೂ ಕೋಪಾನಾ?"

"ತುಂಬಾ!" ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಇನ್ನೆಷ್ಟು ದಿನ?"

"ಬೇಗ ಮುಗಿಯಲ್ಲ. ದಿನಾ ನಿನ್ನೆದುರಿಗೇ ಕೂತು ಮಾಡ್ಬೇಕಾದಷ್ಟಿದೆ."

"ಹಾಗಾದ್ರೆ ನಮ್ಮನೆಗೆ ಬಂದೇ ಮಾಡು, ಯುದೆಲ್ಕಾ... ಜೀವಮಾನ ಪೂರ್ತಿ."